ಪಾಸಿಂಗ್ ಪ್ಯಾಕೇಜು ಮತ್ತು 20ಕ್ಕೆ 19

ಹಾವೇರಿ ಜಿಲ್ಲೆಯ ತಾಯಿಯೊಬ್ಬರ ಪತ್ರದ ಸಾರ ಇದು: ಮಗಳು ಹತ್ತನೇ ತರಗತಿ. ಗಣಿತದ ಮೇಷ್ಟ್ರು ಡಿಸೆಂಬರಿನಲ್ಲಿ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೋತ್ತರಗಳ ಕಟ್ಟು, ಕೊಟ್ಟಿದ್ದಾರೆ. ಅವಳು ಥೇಲ್ಸ್ ಪ್ರಮೇಯವನ್ನು (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ) ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ‘ಈ ಸಾಲು ಯಾಕೆ ಬಂತು’ ಎಂದು ಕೇಳಿದರೆ ಅಳುತ್ತಾಳೆ. ಆಂತರಿಕ ಅಂಕ ಮಾತ್ರ 20ಕ್ಕೆ 19. ‘ಮೇಷ್ಟ್ರು ನನ್ನ ಮಗಳಿಗೆ ಮೋಸ ಮಾಡುತ್ತಿದ್ದಾರೆಯೇ? ಟ್ಯೂಷನ್‌ಗೆ ಹಾಕಲೇ?’

ಸಂಪಾದಕರ ಉತ್ತರ:

ಅಮ್ಮಾ, ಮೋಸ ಎಂಬ ಮಾತನ್ನು ಬಿಟ್ಟುಬಿಡಿ. ಪತ್ರಿಕೆಗೆ ಬರುವ ಮುಂಚೆ ನಾನೂ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು, ಏಪ್ರಿಲ್ ಬಿಸಿಲಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದವನು. ಪ್ಯಾಕೇಜು ಯಾಕೆ ಹುಟ್ಟುತ್ತದೆಂದು ಬಲ್ಲೆ. ಪ್ರಮೇಯದ ಪ್ರಶ್ನೆ ತಿದ್ದುವಾಗ ಆಕೃತಿಗೆ ಅರ್ಧ, ದತ್ತಕ್ಕೆ ಅರ್ಧ, ಸಾಧನೀಯಕ್ಕೆ ಅರ್ಧ, ರಚನೆಗೆ ಅರ್ಧ ಅಂಕ ಕೊಡುತ್ತಿದ್ದೆವು. ಸಾಧನೆಯ ಒಂದು ಸಾಲೂ ಬರೆಯದ ಮಗುವಿಗೆ ಎರಡು ಅಂಕ ಸಿಕ್ಕಿಬಿಡುತ್ತಿತ್ತು. ರೇಖಾತ್ಮಕ ಸಮೀಕರಣಗಳ ನಕ್ಷೆಯಲ್ಲೂ ಹಾಗೆಯೇ, ಕೋಷ್ಟಕಕ್ಕಿಷ್ಟು, ಗೆರೆಗಿಷ್ಟು. 80 ಅಂಕದ ಪತ್ರಿಕೆಯಲ್ಲಿ ಇಂಥವನ್ನು ಆರಿಸಿ ಕೂಡಿಸಿದರೆ ದಡ ಮುಟ್ಟಬಹುದು. ಮುಳುಗುತ್ತಿರುವ ಮಗುವಿಗೆ ಮೇಷ್ಟ್ರು ಎಸೆಯುವ ಹಗ್ಗ ಅದು.

ಫಲಿತಾಂಶದ ಒತ್ತಡವೂ ಸಣ್ಣದಲ್ಲ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾದ ನೇರ ಕಣ್ಗಾವಲು, ಬಂತು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದರೂ ಫಲಿತಾಂಶ ನಿಂತದ್ದು ಶೇ 73.40ಕ್ಕೆ. ಆ ಕುಸಿತಕ್ಕೆ ಉತ್ತರ ಹೇಳಬೇಕಾದವರು ಶಾಲೆಯಲ್ಲಿದ್ದ ಮೇಷ್ಟ್ರುಗಳೇ.

ನನಗೆ ಸಂಕಟವಾದದ್ದು ಆ 19ರ ಬಗ್ಗೆ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಪ್ರತಿಯೊಂದರಲ್ಲೂ ಚಟುವಟಿಕೆ ಮತ್ತು ಕಿರುಪರೀಕ್ಷೆ, ಎಲ್ಲವನ್ನೂ ಕೂಡಿಸಿ 20ಕ್ಕೆ ಇಳಿಸುವುದು. ಮಗು ಎಲ್ಲಿ ಎಡವುತ್ತಿದೆ ಎಂದು ಮಳೆಗಾಲ ಮುಗಿಯುವುದರೊಳಗೆ ಕಂಡುಹಿಡಿಯಲಿ ಎಂದೇ ಇದನ್ನು ಮಾಡಿದ್ದು. ಆದರೆ ಬಹಳ ಕಡೆ ಚಟುವಟಿಕೆ ಎಂದರೆ ಚಾರ್ಟ್ ಪೇಪರಿನ ಮೇಲೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಸೂತ್ರ ಬರೆದು ತರುವುದು, ಅಷ್ಟೇ. ಅಂಕ ಎಲ್ಲರಿಗೂ 18, 19. ಜೂನ್‌ನಲ್ಲಿ ಒಂದು ಮಗು −3 − 5 = +8 ಎಂದು ಬರೆದಿರುತ್ತದೆ. ‘ಮೈನಸ್ ಮೈನಸ್ ಪ್ಲಸ್’ ಎಂಬ ಮಾತು ಗುಣಾಕಾರಕ್ಕೆ ಹೇಳಿದ್ದೆಂದು ಅದಕ್ಕೆ ಯಾರೂ ಬಿಡಿಸಿ ಹೇಳಿಲ್ಲ. ಈ ಒಂದು ತಪ್ಪು ಬಹುಪದೋಕ್ತಿ, ವರ್ಗಸಮೀಕರಣ, ಸಮಾಂತರ ಶ್ರೇಢಿ, ಎಲ್ಲದರೊಳಗೂ ನುಸುಳುತ್ತದೆ. 20ಕ್ಕೆ 12 ಕೊಟ್ಟು, ‘ಋಣ ಸಂಖ್ಯೆಗಳಲ್ಲಿ ತೊಡಕಿದೆ’ ಎಂದು ಮನೆಗೊಂದು ಸಾಲು ಬರೆದು ಕಳಿಸಿದ್ದರೆ ನೀವು ಆಗಲೇ ಎಚ್ಚರಗೊಳ್ಳುತ್ತಿದ್ದಿರಿ. ಡಿಸೆಂಬರಿನ ಪ್ಯಾಕೇಜನ್ನು ನಾನು ಕ್ಷಮಿಸುತ್ತೇನೆ, ಜೂನ್‌ನ 19ನ್ನು ಕ್ಷಮಿಸಲಾರೆ. ಇದು ಒಬ್ಬ ಮೇಷ್ಟ್ರ ತಪ್ಪಲ್ಲ. ಅಂಕ ಕಡಿಮೆ ಕೊಟ್ಟರೆ ಪೋಷಕರೂ ಜಗಳಕ್ಕೆ ಬರುತ್ತಾರೆ, ಅದನ್ನೂ ಕಂಡಿದ್ದೇನೆ.

ಇನ್ನು ಥೇಲ್ಸ್. ಅದು ಬಾಯಿಪಾಠಕ್ಕೆ ಬಲಿಯಾಗಬೇಕಾದ ಪ್ರಮೇಯವೇ ಅಲ್ಲ. ಭಾನುವಾರ ಮಗಳ ಜೊತೆ ಕೂತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದೊಂದು ತ್ರಿಭುಜ ಬರೆಯಿರಿ. ಎಬಿಸಿ ಬೇಡ, ಪಿಕ್ಯೂಆರ್ ಎಂದು ಹೆಸರಿಡಿ. ಪಿ ಮೇಲಿರಲಿ. ಕ್ಯೂಆರ್‌ಗೆ ಸಮಾಂತರವಾಗಿ ಒಳಗೊಂದು ಗೆರೆ ಎಳೆದು, ಅದು ಪಿಕ್ಯೂ ಬಾಹುವನ್ನು ಮುಟ್ಟುವಲ್ಲಿ ಎಸ್, ಪಿಆರ್ ಬಾಹುವನ್ನು ಮುಟ್ಟುವಲ್ಲಿ ಟಿ ಎಂದು ಗುರುತಿಸಿ. ಈಗ ಕ್ಯೂ ಮತ್ತು ಟಿಯನ್ನು ಸೇರಿಸಿ. ಪಿಎಸ್‌ಟಿ, ಎಸ್‌ಕ್ಯೂಟಿ ಎಂಬ ಎರಡು ತ್ರಿಭುಜಗಳ ಪಾದಗಳು ಪಿಕ್ಯೂ ಎಂಬ ಒಂದೇ ಗೆರೆಯ ಮೇಲಿವೆ, ಎರಡರ ತುದಿಯೂ ಟಿಯಲ್ಲಿದೆ. ಎತ್ತರ ಒಂದೇ ಆದ್ದರಿಂದ ಪಾದ ಎಷ್ಟು ಪಾಲೋ ವಿಸ್ತೀರ್ಣವೂ ಅಷ್ಟೇ ಪಾಲು. ಬಲಗಡೆಯೂ ಇದೇ ಕತೆ, ಆರ್ ಮತ್ತು ಎಸ್ ಸೇರಿಸಿದರೆ ಸಾಕು. ಉಳಿಯುವುದು ಒಂದೇ ಪ್ರಶ್ನೆ: ಎಸ್‌ಕ್ಯೂಟಿ ಮತ್ತು ಎಸ್‌ಆರ್‌ಟಿ ವಿಸ್ತೀರ್ಣದಲ್ಲಿ ಸಮವೇ? ಎರಡಕ್ಕೂ ಎಸ್‌ಟಿ ಪಾದ, ಎರಡೂ ಅವೇ ಸಮಾಂತರ ರೇಖೆಗಳ ನಡುವೆ ಇವೆ. ಒಂದೇ ಪಾದ, ಅವೇ ಸಮಾಂತರ ರೇಖೆಗಳಾದರೆ ವಿಸ್ತೀರ್ಣವೂ ಸಮ ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲಿಗೆ ಎರಡೂ ಬಾಹುಗಳ ಅನುಪಾತ ಒಂದೇ.

ಅಕ್ಷರ ಬದಲಾದದ್ದಕ್ಕೆ ಅವಳು ತಬ್ಬಿಬ್ಬಾಗುತ್ತಾಳೆ. ಆಗಲಿ ಬಿಡಿ. ಬಾಯಿಪಾಠ ಅಲುಗಾಡಿದಾಗಲೇ ಯೋಚನೆಗೆ ಜಾಗ ಸಿಗುವುದು. ‘ಎತ್ತರ ಒಂದೇ’ ಎಂಬಲ್ಲಿ ನಿಂತರೆ ತುಸು ಹೊತ್ತು ಸುಮ್ಮನಿರಿ, ನೀವು ಹೇಳಿಕೊಡಬೇಡಿ.

ಟ್ಯೂಷನ್ ಬೇಡ ಎನ್ನುವುದಿಲ್ಲ. ಆದರೆ ಅಲ್ಲಿಯೂ ಇದೇ ಪ್ಯಾಕೇಜನ್ನೇ ಬೇರೆ ನೋಟ್ಸಿನಲ್ಲಿ ಕೊಡುವುದಾದರೆ ದುಡ್ಡು ಉಳಿಸಿಕೊಳ್ಳಿ. ಅದಕ್ಕೂ ಮೊದಲು ಶಾಲೆಗೆ ಹೋಗಿ ಅವಳ ಕಿರುಪರೀಕ್ಷೆಯ ಪತ್ರಿಕೆಗಳನ್ನು ಕೇಳಿ ನೋಡಿ. ಅಂಕವನ್ನು ನೋಡಬೇಡಿ, ಕೆಂಪು ಗೆರೆ ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿ, ಗೆರೆಯೇ ಬೀಳದ ತಪ್ಪುಗಳನ್ನೂ ನೋಡಿ. ಅದನ್ನು ಹಿಡಿದುಕೊಂಡು ಮೇಷ್ಟ್ರ ಬಳಿ ಹತ್ತು ನಿಮಿಷ ಕೂತರೆ, ನಿಮ್ಮ ಮಗಳಿಗೆ ಉಳಿದ ವಾರಗಳಲ್ಲಿ ಏನು ಕಲಿಸಬೇಕೆಂದು ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.