ಪ್ರಾರ್ಥನೆಗೆ ಬೇರೆ ಕನ್ನಡ ಬೇಕಾ?

ನೀವು ಕೇಳಿದ್ದು: "ಸಭೆಯ ಹಿರಿಯರ ಹಾಗೆ ನನಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ, ಮಾತೇ ಸಿಗುವುದಿಲ್ಲ. ಮಗುವಿನಂಥ ನಂಬಿಕೆ ಅಂದರೆ ಏನು? ದೊಡ್ಡವರಿಗೆ ಅದು ಬರುತ್ತದಾ?"

ನಾನು ಪಾದ್ರಿ ಅಲ್ಲ. ಧಾರವಾಡದ ಬಾಸೆಲ್ ಮಿಷನ್ (ಪ್ರಾಟೆಸ್ಟಂಟ್ ಕ್ರೈಸ್ತ ಸಭೆ) ಮನೆತನದವನು, ಈಗ ಮುಂಬೈನ ಮುಲುಂಡ್‌ನಲ್ಲಿದ್ದೇನೆ. ನನ್ನ ತೊಂದರೆ ನಿಮ್ಮದಕ್ಕೆ ಉಲ್ಟಾ. ನನಗೆ ಮಾತು ಜಾಸ್ತಿ. ಮನೆಕೂಟದಲ್ಲಿ "ಕೃಪಾಪೂರ್ಣನಾದ ಪರಲೋಕದ ತಂದೆಯೇ" ಅಂತ ಶುರು ಮಾಡಿದರೆ ಹತ್ತು ನಿಮಿಷ ನಿಲ್ಲುತ್ತಿರಲಿಲ್ಲ. ಒಳಗೆ ಚಹಾ ಆರುತ್ತಿತ್ತು. ನನ್ನ ಕಿವಿ ಮಾತ್ರ ಯಾರು ಎಷ್ಟು ಜೋರಾಗಿ ಆಮೆನ್ ಅಂದರು ಅನ್ನುವುದರ ಮೇಲೇ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ನನ್ನ ಲೋಕಲ್ ಕುರ್ಲಾ ಹತ್ತಿರ ನಿಂತೇಬಿಟ್ಟಿತು. ಲೈಟ್ ಹೋಯಿತು, ನೀರು ಫುಟ್‌ಬೋರ್ಡ್ ಮುಟ್ಟಿತು, ಫೋನ್ ಸತ್ತಿತ್ತು. ನೆಲಮಹಡಿಯ ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ಕಣ್ಣು ಮುಚ್ಚಿ "ಕೃಪಾಪೂರ್ಣನಾದ" ಅಂದೆ, ಮುಂದೆ ಒಂದಕ್ಷರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಯಿಂದ ಬಂದದ್ದು ನಮ್ಮೂರ ಮಾತು: "ಯಪ್ಪಾ, ಹೆದರಿಕಿ ಆಗೇತಿ. ಅವರನ್ನ ನೋಡ್ಕೋ." ಅಷ್ಟೇ.

ಬೈಬಲಿನಲ್ಲಿ ಮಾರ್ಕ 14:36 ತೆಗೆದು ನೋಡಿ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸುತ್ತಾ ಯೇಸು "ಅಬ್ಬಾ", ಅಂದರೆ ಅಪ್ಪಾ, ಅನ್ನುತ್ತಾನೆ. ಸುವಾರ್ತೆ ಗ್ರೀಕಿನಲ್ಲಿದ್ದರೂ ಮನೆಮಾತಾದ ಆ ಅರಾಮಿಕ್ ಪದವನ್ನು ಮಾರ್ಕನು ಹಾಗೇ ಉಳಿಸಿದ್ದಾನೆ. ಅದು ಪುಟ್ಟ ಮಕ್ಕಳ ತೊದಲು ಮಾತು ಅಂತ ಕೆಲವರು ಪ್ರಸಂಗ ಮಾಡುತ್ತಾರೆ, ಅದು ಸರಿಯಲ್ಲ, ಬೆಳೆದ ಮಕ್ಕಳೂ ಹಾಗೇ ಕರೆಯುತ್ತಿದ್ದರು. ನಮ್ಮ "ಅಪ್ಪ" ಇಲ್ವಾ, ಐದು ವರ್ಷಕ್ಕೂ ಅದೇ, ಐವತ್ತಕ್ಕೂ ಅದೇ.

ಇನ್ನೊಂದು ನೋಡಿ. ಈ ಪಾತ್ರೆ, ಅಂದರೆ ಮುಂದಿದ್ದ ನೋವು ಸಾವು, ನನಗೆ ಬೇಡ ಅಂತ ಯೇಸು ಮೊದಲು ನೇರವಾಗಿ ಕೇಳಿದ. "ನಿನ್ನ ಚಿತ್ತ" ಅಂದದ್ದು ಆಮೇಲೆ. ನಾವು ಮರ್ಯಾದಸ್ಥರು, ಮೊದಲೇ ನಿನ್ನ ಚಿತ್ತ ಅಂದು ಬೇಕಾದ್ದನ್ನು ಬಚ್ಚಿಟ್ಟುಕೊಳ್ಳುತ್ತೇವೆ. ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಹೊರಗೆ ಮೇಣದ ಮನೆ, ಮೇಣದ ಕೈಕಾಲು, ಮೇಣದ ಮಗು ಮಾರುತ್ತಾರೆ. ಏನು ಬೇಕೋ ಅದರ ಆಕಾರದ್ದನ್ನೇ ಕೊಂಡು ಒಪ್ಪಿಸುವುದು. ನಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲ, ಮೊದಲು ನಗುತ್ತಿದ್ದೆ. ಬಾಡಿಗೆ ಮನೆಯಲ್ಲಿರುವವರು "ಮನೆ ಬೇಕು" ಅಂತ ಕೇಳುವುದರಲ್ಲಿ ನಗುವಂಥದ್ದು ಏನೂ ಇಲ್ಲ ಅಂತ ಈಗ ಅನಿಸುತ್ತದೆ.

ಅನುಮಾನ ಇದ್ದರೆ ನಂಬಿಕೆ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಮಾರ್ಕ 9ರಲ್ಲಿ ಕಾಯಿಲೆಯ ಹುಡುಗನ ಅಪ್ಪ "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅನ್ನುತ್ತಾನೆ. ಯೇಸು ಅವನಿಗೆ ಬೈಯಲಿಲ್ಲ, ಹುಡುಗನನ್ನು ವಾಸಿ ಮಾಡಿದ.

ಮರುದಿನ ಮಧ್ಯಾಹ್ನ ಒಂದೇ ಚಪ್ಪಲಿಯಲ್ಲಿ ಮನೆ ಮುಟ್ಟಿದೆ. ಎರಡನೇ ಮಹಡಿಯ ಮರಾಠಿ ಆಜಿ ಇಬ್ಬರನ್ನೂ ಮೇಲೆ ಕರೆದುಕೊಂಡಿದ್ದರು, ಮಗಳು ಅಲ್ಲಿ ಪೋಹೆ ತಿನ್ನುತ್ತಿದ್ದಳು. ಇದನ್ನು ಸಾಕ್ಷಿಯಾಗಿ, ದೇವರು ಕಾಪಾಡಿದ ಕಥೆಯಾಗಿ, ಹೇಳು ಅಂತ ಸಭೆಯಲ್ಲಿ ಕೇಳಿದರು, ಹೇಳಲಿಲ್ಲ. ಆ ರಾತ್ರಿ ಎಷ್ಟೋ ಜನ ಕೂಗಿರುತ್ತಾರೆ, ಅವರಲ್ಲಿ ನೂರಾರು ಜನ ಮನೆ ಮುಟ್ಟಲೇ ಇಲ್ಲ. ಯಾಕೆ ಅಂತ ಇವತ್ತಿಗೂ ಕೇಳುತ್ತೇನೆ, ಅದೇ ಧಾರವಾಡ ಕನ್ನಡದಲ್ಲಿ.

ನಿಮ್ಮ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೆ ಅದರಲ್ಲೇ ಕೇಳಿ. ಕೂಟದಲ್ಲಿ ಎಬ್ಬಿಸಿದರೆ ಎರಡು ಮಾತು ಆಡಿ ಸುಮ್ನೆ ಕೂತುಬಿಡಿ. ಚಹಾ ಆದರೂ ಬಿಸಿ ಸಿಗುತ್ತದೆ.