ಈಮ್ಯಾಕ್ಸ್ ಕಲಿಯಬೇಕಾ ಎಂದು ಕೇಳಿದ ಹೊನ್ನಾವರದವರಿಗೆ

ನಿಮ್ಮ ಪ್ರಶ್ನೆ ಓದಿದೆ. ಆಫೀಸಿನ ಹಿರಿಯರೊಬ್ಬರು ಕೋಡ್, ಟಿಪ್ಪಣಿ ಬರೆಯುವ ಈಮ್ಯಾಕ್ಸ್ ಎಂಬ ಎಡಿಟರ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಇದು ಬರೀ ಹುಚ್ಚಾ, ನನ್ನ ಎಡಿಟರ್ ವಿಎಸ್ ಕೋಡ್ ಆರಾಮಾಗಿ ನಡೆಯುತ್ತಿರುವಾಗ ನಾನೂ ಕಲಿಯಬೇಕಾ ಅಂತ ಕೇಳಿದ್ದೀರಿ. ಶಿರಸಿಯಲ್ಲಿ ಕೂತು ಮನೆಯಿಂದಲೇ ಕೆಲಸ ಮಾಡುವ ನನಗೂ ಅದೇ ಹುಚ್ಚು. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಹುಚ್ಚಿಗೆ ಕಾರಣ ಇದೆ. 1976ರಲ್ಲಿ ಎಂಐಟಿಯಲ್ಲಿ ಟೆಕೊ ಎಂಬ ಎಡಿಟರ್‌ಗೆ ಬರೆದ ಮ್ಯಾಕ್ರೊಗಳಿಂದ ಇದು ಶುರುವಾದದ್ದು. 1984ರಲ್ಲಿ ರಿಚರ್ಡ್ ಸ್ಟಾಲ್ಮನ್ ನಾವು ಈಗ ಬಳಸುವ ಗ್ನೂ ಈಮ್ಯಾಕ್ಸ್ ಬರೆಯಲು ಹಿಡಿದರು. ಇದರ ಬಹುಪಾಲು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ, ಅದೂ ಬಳಸುವವರ ಕೈಗೆ ಸಿಗುವ ಹಾಗೆ. ಕಂಟ್ರೋಲ್-ಎಚ್, ಆಮೇಲೆ ಕೆ ಒತ್ತಿ, ಬೇರೆ ಯಾವುದಾದರೂ ಕೀ ಒತ್ತಿ ನೋಡಿ. ಆ ಕೀ ಯಾವ ಫಂಕ್ಷನ್ ಓಡಿಸುತ್ತದೆ ಅಂತ ಅದೇ ಹೇಳುತ್ತದೆ. ಹಿಡಿಸದಿದ್ದರೆ ಎಡಿಟರ್ ಮುಚ್ಚದೆಯೇ ಬದಲಿಸಬಹುದು. ಹೀಗೆ ವರ್ಷಗಟ್ಟಲೆ ತಿದ್ದಿದ ಮೇಲೆ ಅದು ನಿಮ್ಮದೇ ಆಗಿಬಿಡುತ್ತದೆ. ಅಡಿಕೆ ಸುಲಿಯುವವರಿಗೆ ತಮ್ಮ ಮೆಟ್ಟುಗತ್ತಿಯೇ ಬೇಕು, ಪಕ್ಕದವರದ್ದು ಕೈಗೆ ಹೊಂದುವುದಿಲ್ಲ, ಅಲ್ವಾ?

ಅದಕ್ಕೇ ಹೇಳುತ್ತೇನೆ, ಆ ಹಿರಿಯರ ಇನಿಟ್ ಫೈಲ್, ಅಂದರೆ ಅವರ ಸೆಟ್ಟಿಂಗ್‌ಗಳ ಫೈಲ್, ಕಾಪಿ ಮಾಡಬೇಡಿ. ಡೂಮ್, ಸ್ಪೇಸ್‌ಮ್ಯಾಕ್ಸ್ ಎಂಬ ಸಿದ್ಧ ಸೆಟ್ಟಿಂಗ್‌ಗಳ ಕಟ್ಟು ಕೂಡ ಈಗಲೇ ಬೇಡ. ನೋಡಲು ಚೆಂದ, ಕೆಟ್ಟಾಗ ಮಾತ್ರ ಎಲ್ಲಿ ಕೆಟ್ಟಿತು ಅಂತ ಹುಡುಕುವುದೇ ಕೆಲಸ. ಈಮ್ಯಾಕ್ಸ್‌ನ 29 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಳ್ಳಿ. ಕೋಡಿನ ತಪ್ಪು ತೋರಿಸುವ, ಪದ ಪೂರ್ತಿ ಮಾಡಿಕೊಡುವ ಲ್ಯಾಂಗ್ವೇಜ್ ಸರ್ವರ್ ಜೊತೆ ಮಾತಾಡುವ ಎಗ್ಲಾಟ್ ಅದರ ಜೊತೆಗೇ ಬರುತ್ತದೆ, ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಸರ್ವರ್ ಮಾತ್ರ ಬೇರೆ ಹಾಕಬೇಕು. ಮೊದಲ ದಿನ ಕಂಟ್ರೋಲ್-ಎಚ್, ಟಿ ಒತ್ತಿ ಪಾಠ ಪೂರ್ತಿ ಮಾಡಿ. ಸಿಕ್ಕಿಬಿದ್ದರೆ ಕಂಟ್ರೋಲ್-ಜಿ. ಕ್ಯಾಪ್ಸ್ ಲಾಕ್ ಅನ್ನು ಕಂಟ್ರೋಲ್ ಕೀ ಮಾಡಿಕೊಳ್ಳಿ, ಇಲ್ಲದಿದ್ದರೆ ಕಿರುಬೆರಳು ನೋಯುತ್ತದೆ. ವಿಮ್ ಎಂಬ ಎಡಿಟರ್‌ನ ಅಭ್ಯಾಸ ಇದ್ದರೆ ಅದರ ಕೀಗಳನ್ನೇ ಇಲ್ಲಿ ಕೊಡುವ ಈವಿಲ್ ಪ್ಯಾಕೇಜ್ ಇದೆ.

ಕೋಡ್ ಆಮೇಲೆ ನೋಡೋಣ. ಟಿಪ್ಪಣಿ, ಕೋಷ್ಟಕ ಬರೆಯಲು ಈಮ್ಯಾಕ್ಸ್‌ನಲ್ಲೇ ಇರುವ ಆರ್ಗ್ ಮೋಡ್‌ನಿಂದ ಶುರುಮಾಡಿ. ನಮ್ಮ ತೋಟದ ಲೆಕ್ಕ ನಾನು ಅದರಲ್ಲೇ ಇಟ್ಟಿದ್ದೇನೆ: ಅಡಿಕೆಯ ಬಗೆಗಳಾದ ಚಾಲಿ, ರಾಶಿ, ಬೆಟ್ಟೆ ಒಂದೊಂದು ಸಾಲು, ತೂಕ ಒಂದು ಕಾಲಂ, ದರ ಇನ್ನೊಂದು. ಕೆಳಗೆ ಒಂದು ಸೂತ್ರ ಬರೆದು, ಅದರ ಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಮೊತ್ತ ಬರುತ್ತದೆ. ಎಲ್ಲಾ ಬರೀ ಟೆಕ್ಸ್ಟ್ ಫೈಲ್, ನೆಟ್‌ವರ್ಕ್ ಹೋದರೂ ಚಿಂತೆ ಇಲ್ಲ. ಕನ್ನಡ ಟೈಪ್ ಮಾಡಲು ಕಂಟ್ರೋಲ್-ಬ್ಯಾಕ್‌ಸ್ಲ್ಯಾಶ್ ಒತ್ತಿ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವ ಕನ್ನಡ-ಐಟ್ರಾನ್ಸ್ ಆರಿಸಿ. ಕನ್ನಡ ಅಕ್ಷರ ಇರುವ ಕೋಷ್ಟಕದಲ್ಲಿ ಗೆರೆ ಸೊಟ್ಟಗಾಗುತ್ತದೆ, ಲೆಕ್ಕಕ್ಕೇನೂ ತೊಂದರೆ ಇಲ್ಲ.

ಮಳೆಗಾಲಕ್ಕೆ ಒಂದು ಮಾತು. ನಿಮ್ಮ ಕಡೆಯೂ ಗಾಳಿ ಎದ್ದರೆ ಕರೆಂಟ್ ಹೋಗುತ್ತದಲ್ಲ. ಈಮ್ಯಾಕ್ಸ್ ಸಾಮಾನ್ಯವಾಗಿ 300 ಸಲ ಕೀ ಒತ್ತಿದಾಗ, ಅಥವಾ ಕೈ 30 ಸೆಕೆಂಡಿನಷ್ಟು ಸುಮ್ನಿದ್ದಾಗ, ಫೈಲಿನ ಪಕ್ಕದಲ್ಲೇ ಒಂದು ಪ್ರತಿ ಬರೆದಿಡುತ್ತದೆ. ಕರೆಂಟ್ ಬಂದ ಮೇಲೆ ಆಲ್ಟ್-ಎಕ್ಸ್ ಒತ್ತಿ ರಿಕವರ್-ಸೆಷನ್ ಅಂತ ಕೊಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇರುವವರಿಗೆ ಇದೊಂದೇ ಸಾಕು ಅನ್ನುತ್ತೇನೆ.

ಆಂಡ್ರಾಯ್ಡ್ ಆ್ಯಪ್ ಮಾಡುವವರಾದರೆ ಆಂಡ್ರಾಯ್ಡ್ ಸ್ಟುಡಿಯೋ ಬಿಟ್ಟು ಬರಬೇಡಿ, ಸುಮ್ನೆ ತಾಪತ್ರಯ. ಬೇರೆ ಕೆಲಸವಾದರೂ ವಿಎಸ್ ಕೋಡ್ ತೆಗೆದುಹಾಕುವ ಅವಸರ ಬೇಡ, ಎರಡೂ ಇರಲಿ. ಯಾವ ಭಾಷೆಯಲ್ಲಿ ಕೆಲಸ, ವಿಂಡೋಸಾ ಲಿನಕ್ಸಾ ಅಂತ ಇಲ್ಲೇ ಬರೆಯಿರಿ. ಎಗ್ಲಾಟ್‌ಗೆ ಯಾವ ಸರ್ವರ್ ಹಾಕಬೇಕು ಅಂತ ಹೇಳುತ್ತೇನೆ.