ಹಾಲ್‌ನಲ್ಲಿ ಆಕ್ಟೋಪಸ್ ಇಡಬಹುದಾ?

ಪ್ರಶ್ನೆ: ಹೊಸ ಮನೆಯ ಹಾಲ್‌ಗೆ ದೊಡ್ಡದೊಂದು ಆಕ್ಟೋಪಸ್ ಚಿತ್ರ ತಂದಿದ್ದೇವೆ. ನನಗಂತೂ ತುಂಬಾ ಇಷ್ಟ. ಆದರೆ ಬಂದವರೆಲ್ಲ "ಇದು ದುರಾಸೆಯ ಗುರುತು, ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವ ಪ್ರಾಣಿ, ಮನೆಗೆ ಯಾಕೆ ತಂದ್ರಿ" ಅನ್ನುತ್ತಾರೆ. ಇದು ನಿಜವೇ?

ಉತ್ತರ: ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಆ ಅರ್ಥ ಜೋರಾಗಿ ಹಬ್ಬಿದ್ದು ತೀರಾ ಇತ್ತೀಚೆಗೆ. 1877ರಲ್ಲಿ ಫ್ರೆಡ್ ರೋಸ್ ಎಂಬ ಬ್ರಿಟಿಷ್ ಕಲಾವಿದ ಯುರೋಪಿನ ವ್ಯಂಗ್ಯ ನಕ್ಷೆಯೊಂದನ್ನು ಬರೆದ. ಅದರಲ್ಲಿ ರಷ್ಯಾ ಒಂದು ದೈತ್ಯ ಆಕ್ಟೋಪಸ್. ತೋಳು ಚಾಚಿ ಅಕ್ಕಪಕ್ಕದ ದೇಶಗಳನ್ನು ಸುತ್ತಿ ಹಿಡಿದಿದೆ. 1904ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನೂ ಒಬ್ಬ ವ್ಯಂಗ್ಯಚಿತ್ರಕಾರ ಹೀಗೇ ಬರೆದ. ಯಾರನ್ನಾದರೂ ಬಕಾಸುರ ಅಂತ ತೋರಿಸಬೇಕೇ? ಎಂಟು ತೋಳು ಅಂಟಿಸಿದರೆ ಆಯ್ತು. ನಿಮ್ಮ ಮನೆಗೆ ಬಂದವರ ಬಾಯಲ್ಲಿರುವುದು ಈ ಆಕ್ಟೋಪಸ್.

ಇನ್ನೊಂದು ಆಕ್ಟೋಪಸ್ ಇದಕ್ಕಿಂತ ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಗ್ರೀಸ್‌ನ ಕ್ರೀಟ್ ದ್ವೀಪದ ಪಾಲೈಕಾಸ್ಟ್ರೊ ಎಂಬಲ್ಲಿ ಸಿಕ್ಕ ಮಣ್ಣಿನ ಹೂಜಿಯ ಮೇಲಿದೆ. ಕಾಲ ಸುಮಾರು ಕ್ರಿ.ಪೂ. 1500. ಈಗ ಹೆರಾಕ್ಲಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ ಒಂದಡಿಯೂ ಇಲ್ಲ. ಹೂಜಿಯ ಹೊಟ್ಟೆ ಉಬ್ಬಿದ ಕಡೆಯೇ ಪ್ರಾಣಿಯ ಮೈ. ಅದೂ ನೆಟ್ಟಗಿಲ್ಲ, ಸ್ವಲ್ಪ ವಾರೆ. ತೋಳುಗಳು ಸುರುಳಿ ಸುತ್ತುತ್ತಾ ಹೂಜಿಯನ್ನೇ ಬಳಸಿವೆ. ತೋಳಿನಲ್ಲಿ ಅಂಟಿ ಹಿಡಿಯುವ ಹೀರುಬಟ್ಟಲುಗಳು ಸಾಲಾಗಿ ಗುಂಡು ಗುಂಡಾಗಿವೆ. ನಡುವೆ ಉಳಿದ ಜಾಗಕ್ಕೆಲ್ಲ ಕಡಲಪಾಚಿ. ಕಣ್ಣು ಮಾತ್ರ ಎರಡು ದೊಡ್ಡ ಗುಂಡು. ನೋಡಿದರೆ ಹೆದರಿಕೆಯಲ್ಲ, ನಗು ಬರುತ್ತದೆ. ಕಡಲನ್ನೇ ನಂಬಿ ಬದುಕಿದ ಜನ ತಮ್ಮ ನೆರೆಯವನ ಚಿತ್ರ ಬರೆದ ಹಾಗಿದೆ.

ಹಾಗಾದರೆ ನಿಮ್ಮ ಚಿತ್ರ ಯಾವ ಕಡೆಯದು? ತೋಳುಗಳನ್ನು ನೋಡಿ. ಹಡಗನ್ನೋ ಮನುಷ್ಯನನ್ನೋ ಹಿಡಿದು ಹಿಂಡುತ್ತಿದ್ದರೆ ಅದು ಬೇಟೆಯ ಚಿತ್ರ. ದಿನಾ ಕೂತು ಹರಟುವ ಜಾಗಕ್ಕೆ ನಾನಾದರೆ ಹಾಕೋದಿಲ್ಲ. ಸುಮ್ನೆ ನೀರಲ್ಲಿ ತೇಲುತ್ತಿದ್ದರೆ ಯೋಚನೆಯೇ ಬೇಡ. ಅದಕ್ಕೆ ಮೂರು ಹೃದಯ ಇವೆ ಅಂತ ಬಂದವರಿಗೆ ಹೇಳಿ, ಮಾತು ಬೇರೆ ಕಡೆ ಹೋಗುತ್ತದೆ.

ಪ್ರಶ್ನೆ: ಆಮೆಯ ಬೊಂಬೆ ಬಾಗಿಲ ಕಡೆಗೇ ಮುಖ ಮಾಡಿರಬೇಕಾ?

ಉತ್ತರ: ಕಲೆಯ ಕಡೆಯಿಂದ ಹೇಳುವುದಾದರೆ ದಿಕ್ಕಿನ ಕಟ್ಟಳೆ ಏನೂ ಇಲ್ಲ. ಜಪಾನಿನ ಚಿತ್ರಗಳಲ್ಲಿ ಆಮೆ ಅಂದರೆ ದೀರ್ಘಾಯುಷ್ಯ. ಅಲ್ಲಿ ಆಮೆಯ ಹಿಂದೆ ಉದ್ದನೆಯ ಬಾಲದಂಥದ್ದು ಕಂಡರೆ ಗೊಂದಲ ಬೇಡ. ಅದು ಬಾಲವಲ್ಲ, ಚಿಪ್ಪಿನ ಮೇಲೆ ವರ್ಷಗಟ್ಟಲೆ ಬೆಳೆದ ಪಾಚಿ. ಅಜ್ಜನ ಗಡ್ಡ ಇದ್ದ ಹಾಗೆ ಅಂದುಕೊಳ್ಳಿ.

ಪ್ರಶ್ನೆ: ನಾಟಿಲಸ್ ಎಂಬ ಕಡಲ ಪ್ರಾಣಿಯ ಸುರುಳಿ ಚಿಪ್ಪಿನ ದೀಪ ಕೊಳ್ಳೋಣ ಅಂತಿದ್ದೇನೆ. ಅದರ ಸುರುಳಿಯಲ್ಲಿ ಸುವರ್ಣ ಅನುಪಾತ (ಕಣ್ಣಿಗೆ ಚೆಂದ ಅನ್ನುವ 1.618ರ ಅಳತೆ) ಇದೆ, ಮನಸ್ಸಿಗೆ ಶಾಂತಿ ಕೊಡುತ್ತದೆ ಅನ್ನುತ್ತಾರೆ.

ಉತ್ತರ: ಶಾಂತಿ ಸಿಗಬಹುದು, ಅದು ನಿಮಗೆ ಬಿಟ್ಟಿದ್ದು. ಲೆಕ್ಕ ಮಾತ್ರ ತಪ್ಪು. ಆ ಅನುಪಾತದಲ್ಲಿ ಬೆಳೆಯುವ ಸುವರ್ಣ ಸುರುಳಿ ಒಂದು ಪೂರ್ತಿ ಸುತ್ತಿಗೆ ಸುಮಾರು 6.85 ಪಟ್ಟು ಹಿಗ್ಗಬೇಕು. ನಾಟಿಲಸ್ ಹಿಗ್ಗುವುದು ಹೆಚ್ಚುಕಡಿಮೆ 3 ಪಟ್ಟು. ಅಳತೆಪಟ್ಟಿ ಹಿಡಿದು ನೀವೇ ನೋಡಬಹುದು. ಇದಕ್ಕಿಂತ ಸೊಗಸಾದ ಅರ್ಥ ಅದರ ಬದುಕಿನಲ್ಲೇ ಇದೆ, ಅಲ್ವಾ? ಬೆಳೆದಂತೆಲ್ಲ ಹಳೆಯ ಕೋಣೆಯ ಬಾಗಿಲು ಹಾಕಿ ಮುಂದೆ ದೊಡ್ಡ ಕೋಣೆ ಕಟ್ಟಿಕೊಳ್ಳುತ್ತದೆ. 16, 17ನೇ ಶತಮಾನದ ಯುರೋಪಿನ ಶ್ರೀಮಂತರು ಈ ಚಿಪ್ಪಿಗೆ ಬೆಳ್ಳಿ, ಚಿನ್ನದ ಕಟ್ಟು ಹಾಕಿಸಿ ಬಟ್ಟಲು ಮಾಡಿಸುತ್ತಿದ್ದರು.

ಆದರೆ ಕೊಳ್ಳುವ ಮುಂಚೆ ಒಂದು ಮಾತು. ಈ ಪ್ರಾಣಿ ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕಿಂತ ಜಾಸ್ತಿ ಬೇಕು. ಚಿಪ್ಪಿಗಾಗಿಯೇ ಹಿಡಿದು ಹಿಡಿದು ಕಡಿಮೆಯಾಗಿದೆ. 2017ರಿಂದ, ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ದೇಶದಿಂದ ದೇಶಕ್ಕೆ ಸಾಗಿಸಲು ಅನುಮತಿ ಪತ್ರ ಬೇಕು. ಕಡಲಕುದುರೆಯೂ ಇದೇ ಪಟ್ಟಿಯಲ್ಲಿದೆ. ಹಾಗಾಗಿ ಅಚ್ಚಿಗೆ ಹೊಯ್ದು ಮಾಡುವ, ಪ್ಲಾಸ್ಟಿಕ್‌ನಂಥ ರೆಸಿನ್‌ನದ್ದೇ ವಾಸಿ. ಗುರುತಿಸುವುದು ಸುಲಭ. ಅಂಚಿನ ಮೇಲೆ ಬೆರಳು ಆಡಿಸಿ. ಅಚ್ಚಿನ ಎರಡು ಹೋಳು ಸೇರಿದ ಕಡೆ ಸಣ್ಣ ಗೆರೆ ತಗುಲಿದರೆ ಅದು ರೆಸಿನ್. ಉದ್ದಕ್ಕೆ ಸೀಳಿದ ನಿಜವಾದ ಚಿಪ್ಪಾದರೆ ಒಳಗೆಲ್ಲ ಮುತ್ತಿನ ಹೊಳಪು, ಪ್ರತಿ ಕೋಣೆಯ ಗೋಡೆಯ ಮಧ್ಯೆ ಒಂದು ಪುಟ್ಟ ತೂತು.